ತೊಂಬತ್ತೈದು ಹೆಬ್ಬೆಟ್ಟು

ಲಿಫ್ಟಿನ ಬಾಗಿಲಿಗೆ ಆ ಹಾಳೆ ಅಂಟಿಸಿದವಳು ಅಂಜಲೈ. ಮೈದಾ ಕಲಸಿ ಅಂಟು ಕಾಯಿಸಿದವಳೂ ಅವಳೇ. ನಾಲ್ಕೂ ಮೂಲೆಗೆ ಬಳಿದು, ಅಂಗೈಯಲ್ಲಿ ಒತ್ತಿ, ಒಂದು ಸುಕ್ಕೂ ಉಳಿಯದಂತೆ ಅಂಟಿಸಿದಳು. ಅದರಲ್ಲಿ ಏನು ಬರೆದಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಸುಗಂಧಿ ಮೇಡಂ ಕೊಟ್ಟರು, ಅಂಟಿಸು ಅಂದರು, ಅಂಟಿಸಿದಳು. ಮೇಡಂ ಹೇಳಿದ್ದಕ್ಕೆ ಯಾಕೆ ಅಂತ ಕೇಳುವ ಅಭ್ಯಾಸ ಹದಿನಾಲ್ಕನೇ ಬ್ಲಾಕಿನಲ್ಲಿ ಯಾರಿಗೂ ಇರಲಿಲ್ಲ.

ಓದಿ ಹೇಳಿದವಳು ಮಗಳು ವೆಣ್ಣಿಲಾ. ಎಂಟು ತಿಂಗಳ ಬಸುರಿ. ಚೊಚ್ಚಲು. ತಿಂಡಿವನದ ಗಂಡನ ಮನೆಯಿಂದ ತಾಯಿಯ ಮನೆಗೆ ಬಂದು ಒಂದು ವಾರವಾಗಿತ್ತು. ಆಸ್ಪತ್ರೆಗೆ ತೋರಿಸಿಕೊಂಡು ಬಂದವಳು ಲಿಫ್ಟಿನ ಮುಂದೆ ನಿಂತು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಓದಿದಳು.

"ಅಮ್ಮಾ, ಇದನ್ನ ಯಾರು ಅಂಟಿಸಿದ್ದು?"

"ನಾನೇ ಕಣೆ. ಚೆನ್ನಾಗಿ ಕೂತಿದೆ ಅಲ್ವಾ?"

"ಏನಂತ ಗೊತ್ತಾ ಇದು?"

"ನಂಗೆಲ್ಲಿ ಗೊತ್ತು? ಬಲ್ಬು ಕೊಟ್ರಲ್ಲ, ಅದರದೇ ಏನೋ ಇರ್ಬೇಕು."

"ಒಂದನೇ ತಾರೀಖಿಂದ ಲಿಫ್ಟು ಬೆಳಿಗ್ಗೆ ಏಳರಿಂದ ಒಂಬತ್ತು, ಸಾಯಂಕಾಲ ಐದರಿಂದ ಏಳು. ಮಿಕ್ಕ ಹೊತ್ತು ಬಂದ್. ನೀರಿನ ಪಂಪು ದಿನಕ್ಕೆ ಅರ್ಧ ಗಂಟೆ. ಮೆಟ್ಟಿಲ ದೀಪ ತೆಗೀತಾರಂತೆ. ಕರೆಂಟು ಉಳಿಸೋಕೆ. ಇಲ್ಲಿ ವಾಸ ಇರೋರೆಲ್ಲ ಮನಸಾರೆ ಒಪ್ಪಿ ಹೆಬ್ಬೆಟ್ಟು ಒತ್ತಿದಾರಂತೆ."

"ಯಾರು ಒತ್ತಿದ್ದು?"

"ನೀವೇ. ತೊಂಬತ್ತೈದು ಮನೆಯವರು."

ಅಂಜಲೈಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಹಾಳೆಯ ಮೂಲೆಯನ್ನು ಉಗುರಿನಿಂದ ಎಬ್ಬಿಸಲು ನೋಡಿದಳು, ಬರಲಿಲ್ಲ. ಆ ತೊಂಬತ್ತೈದು ಹೆಬ್ಬೆಟ್ಟು ಒತ್ತಿಸಿದವಳು ಅವಳೇ.

ಎರಡು ತಿಂಗಳ ಹಿಂದಿನ ಮಾತು. ಸುಗಂಧಿ ಮೇಡಂ ಅಂದರೆ ಬ್ಲಾಕುಗಳ ಮೇಲ್ವಿಚಾರಣೆಯ ಗುತ್ತಿಗೆ ಹಿಡಿದ ಕಂಪನಿಯವರು. ಅವರು ಬಂದು ಅಂಜಲೈಯ ಹೆಗಲ ಮೇಲೆ ಕೈ ಹಾಕಿ, "ನೀನು ನಮ್ಮ ಉಳಿತಾಯದ ಗೆಳತಿ" ಅಂದಿದ್ದರು. ತಲೆಗೆ ಬಲ್ಬಿನ ಚಿತ್ರ ಇರುವ ಹಸಿರು ಟೋಪಿ ಇಟ್ಟಿದ್ದರು. ಬೀದಿ ಗುಡಿಸುವವಳ ಹೆಗಲ ಮೇಲೆ ಕೈ ಹಾಕುವವರು ಯಾರಿದ್ದಾರೆ? ಅಂಜಲೈ ಕರಗಿಹೋದಳು. ಒಂದು ಕೈಯಲ್ಲಿ ಬಲ್ಬಿನ ಚೀಲ, ಇನ್ನೊಂದರಲ್ಲಿ ಶಾಯಿಯ ಡಬ್ಬಿ ಹಿಡಿದು ಎಂಟು ಮಹಡಿ ಹತ್ತಿ ಇಳಿದಳು. ಮನೆಗೆ ಎರಡು ಬಲ್ಬು, ಕಾಗದಕ್ಕೆ ಒಂದು ಹೆಬ್ಬೆಟ್ಟು. ಸಹಿ ಬಲ್ಲವರು ಪೆನ್ನು ಕೇಳಿದರೆ, "ಎಲ್ಲರದ್ದೂ ಹೆಬ್ಬೆಟ್ಟೇ ಇರಲಿ, ಬೇಗ ಆಗುತ್ತೆ" ಅಂತ ಮೇಡಂ ಹೇಳಿಕೊಟ್ಟಿದ್ದರು.

ಬಲ್ಬು ಕೊಟ್ಟಿದ್ದಕ್ಕೆ ರಸೀತಿ ಅಂದುಕೊಂಡಳು. ಎಲ್ಲರೂ ಹಾಗೇ ಅಂದುಕೊಂಡರು. ಓದು ಬಂದವರೂ ಓದಲಿಲ್ಲ. ಯಾಕೆ ಓದಲಿಲ್ಲ ಅಂತ ಕೇಳುವವರಿಗೆ ಹೊಳೆದಂಡೆಯ ಕಥೆ ಗೊತ್ತಿಲ್ಲ.

ಈ ಬ್ಲಾಕಿನವರೆಲ್ಲ ಮದರಾಸಿನ ಹೊಳೆದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದವರು. ಒಂದು ದಿನ ಎಣಿಕೆಯವರು ಬಂದರು. ಆ ಹೊತ್ತಿಗೆ ಗುಡಿಸಲ ಬಾಗಿಲಲ್ಲಿದ್ದು ಹೆಬ್ಬೆಟ್ಟು ಒತ್ತಿದವರಿಗೆ ಇಲ್ಲಿ ಮನೆ. ಇಲ್ಲದವರಿಗೆ ಇಲ್ಲ. ಅಂಜಲೈಯ ತಂಗಿ ಕುಪ್ಪು ಸೀಮೆಎಣ್ಣೆಯ ಸಾಲಿನಲ್ಲಿ ನಿಂತಿದ್ದಳು. ಡಬ್ಬ ಹಿಡಿದು ಓಡಿ ಬರುವಷ್ಟರಲ್ಲಿ ಎಣಿಕೆಯವರು ಪುಸ್ತಕ ಮುಚ್ಚಿದ್ದರು. ಕುಪ್ಪು ಅವರ ಕಾಲು ಹಿಡಿದಳು. ಕೊಡವಿಕೊಂಡು ಹೋದರು. ಆಕೆ ಇವತ್ತಿಗೂ ಮಾರ್ಕೆಟ್ಟಿನ ಹಿಂದೆ ಪ್ಲಾಸ್ಟಿಕ್ ಹೊದಿಸಿಕೊಂಡು ಮಲಗುತ್ತಾಳೆ. ಅವತ್ತಿನಿಂದ ಹೊಳೆದಂಡೆಯವರಿಗೆ ಶಾಯಿ ಡಬ್ಬಿ ಕಂಡರೆ ಸಾಕು. ಕೈಯಲ್ಲಿ ಅನ್ನ ಇದ್ದರೂ ಸೀರೆಗೆ ಒರೆಸಿಕೊಂಡು ಹೆಬ್ಬೆಟ್ಟು ಮುಂದೆ ಚಾಚುತ್ತಾರೆ. ಒತ್ತಿದ ಮೇಲೆ ಉಸಿರು ಬಿಡುತ್ತಾರೆ.

ಒತ್ತದೆ ಉಳಿದ ಒಂದೇ ಮನೆ ಐದನೇ ಮಹಡಿಯ ಪಟ್ಟಮ್ಮಾಳದು. ಮೀನು ಮಾರುವವಳು. ಬಾಯಿ ಜೋರು. ಅವಳು ಹಾಳೆಯ ಸುದ್ದಿ ಕೇಳಿ ಮೀನಿನ ಬುಟ್ಟಿ ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನಾನು ಅವತ್ತೇ ಹೇಳ್ಲಿಲ್ವೇನೇ, ಪುಗಸಟ್ಟೆ ಬಲ್ಬು ನಂಗೆ ಬೇಡ ಅಂತ? ಟೋಪಿ ಹಾಕ್ಕೊಂಡು ಬಂದಿದ್ಯಲ್ಲ, ಈಗ ನೋಡು, ಊರಿಗೆಲ್ಲ ಟೋಪಿ."

"ನಂಗೇನು ಗೊತ್ತಿತ್ತು ಅಕ್ಕಾ."

"ಉಳಿಸ್ಬೇಕಂತೆ, ಉಳಿಸ್ಬೇಕು! ನನ್ನ ಮನೇಲಿ ಇರೋದು ಒಂದು ಫ್ಯಾನು. ಅದು ಗಾಳಿ ಕೊಡಲ್ಲ, ಬರೀ ಸದ್ದು ಕೊಡುತ್ತೆ. ಅದರಲ್ಲಿ ಏನ್ ಉಳಿಸ್ಲಿ? ಸದ್ದು ಉಳಿಸ್ಲಾ?"

ಅಂಜಲೈಗೆ ನಗು ಬರಲಿಲ್ಲ. ಅವಳು ದಿನಾ ಗುಡಿಸುವ ಬೀದಿ ನೆನಪಾಯಿತು. ಆ ಬೀದಿಯ ತುಂಬ ಗಾಜಿನ ಅಂಗಡಿ. ನಸುಕಿನಲ್ಲಿ ಅವಳು ಪೊರಕೆ ಹಿಡಿದು ನಿಲ್ಲುವಾಗ ಒಂದು ನರಪಿಳ್ಳೆಯೂ ಇರುವುದಿಲ್ಲ, ಆದರೆ ಒಳಗೆ ಸೀರೆ ಉಟ್ಟ ಬೊಂಬೆಗಳಿಗೆ ದೀಪ ಉರಿಯುತ್ತಿರುತ್ತದೆ, ಎಸಿಯ ತಂಪು ಬಾಗಿಲ ಸಂದಿಯಿಂದ ಪಾದಕ್ಕೆ ತಾಗುತ್ತದೆ. ಅವರ ಹತ್ತಿರ ಹೆಬ್ಬೆಟ್ಟು ಕೇಳಲು ಯಾರೂ ಹೋಗುವುದಿಲ್ಲ. ಬೊಂಬೆಗೆ ಇರುವ ತಂಪು ಬಸುರಿಗೆ ಇಲ್ಲ. ಯಾರ ಅಪ್ಪನ ಮನೆ ಗಂಟು ಹೋಗುತ್ತಿತ್ತು ಒಂದು ಲಿಫ್ಟು ಓಡಿದರೆ?

ಒಂದನೇ ತಾರೀಖಿನಿಂದ ಲಿಫ್ಟು ನಿಂತಿತು.

ಏಳನೇ ಮಹಡಿಗೆ ನೂರಾ ಇಪ್ಪತ್ತಾರು ಮೆಟ್ಟಿಲು. ಅಂಜಲೈ ನಸುಕಿನ ನಾಲ್ಕೂವರೆಗೆ ಕತ್ತಲಲ್ಲಿ ಗೋಡೆ ಸವರಿಕೊಂಡು ಇಳಿಯುತ್ತಿದ್ದಳು. ಮಧ್ಯಾಹ್ನ ಒಂದಕ್ಕೆ ಬೆನ್ನು ಬಿದ್ದುಹೋಗುವಷ್ಟು ಗುಡಿಸಿ ಬಂದು ಹತ್ತುತ್ತಿದ್ದಳು. ಪಂಪು ಅರ್ಧ ಗಂಟೆ ಓಡಿದರೆ ನಾಲ್ಕನೇ ಮಹಡಿಯವರೆಗೆ ನೀರು. ಮೇಲಿನವರು ಹೊರಬೇಕು. ಸೊಂಟದಲ್ಲಿ ಒಂದು ಕೊಡ, ಕೈಯಲ್ಲಿ ಒಂದು. ಮಂಡಿಯೊಳಗೆ ಮರಳು ಅರೆದ ಹಾಗೆ ಸದ್ದು. ಮೂರನೇ ಮಹಡಿಯಲ್ಲಿ ಒಮ್ಮೆ ಕೂರುತ್ತಿದ್ದಳು, ಆರನೆಯದರಲ್ಲಿ ಒಮ್ಮೆ. ಎಂಟನೇ ಮಹಡಿಯ ಮುದುಕಿ ಪೊನ್ನಮ್ಮಾ ಬಾಗಿಲ ಹೊರಗೆ ಬರುವುದನ್ನೇ ಬಿಟ್ಟಳು. ಲಿಫ್ಟಿನ ಹೊತ್ತಿಗೆ ತೊಂಬತ್ತಾರು ಮನೆಯವರು ಒಟ್ಟಿಗೆ ಮುಗಿಬಿದ್ದರೆ ಮುದುಕಿಗೆ ಜಾಗ ಯಾರು ಕೊಡುತ್ತಾರೆ?

ಕೆಲಸ ಹೊಸದಲ್ಲ. ಹೊರೆ ಹೊತ್ತು ಬೆಳೆದ ಜೀವ ಅದು. ಅಂಜಲೈಗೆ ಇದ್ದದ್ದು ಹೆದರಿಕೆ. ಕಳೆದ ವರ್ಷ ಒಂಬತ್ತನೇ ಬ್ಲಾಕಿನ ಲಿಫ್ಟು ಕೆಟ್ಟು ನಿಂತಿದ್ದಾಗ ಅಲ್ಲೊಬ್ಬ ಹುಡುಗಿ ಮೆಟ್ಟಿಲ ಮೇಲೆ ಹೆತ್ತಳು. ಮೂರನೇ ಮಹಡಿಯ ತಿರುವಿನಲ್ಲಿ. ಮಗು ಉಳಿಯಲಿಲ್ಲ. ತೊಳೆಯುವುದಕ್ಕೆ ಯಾರನ್ನು ಕರೆಯುತ್ತಾರೆ? ಅಂಜಲೈಯನ್ನು ಕರೆದರು. ಅವಳು ಆರು ಬಕೆಟ್ಟು ನೀರು ಸುರಿದಳು. ಫಿನಾಯಿಲ್ ಹಾಕಿ ಉಜ್ಜಿದಳು. ಮೆಟ್ಟಿಲ ಸಂದಿಯಲ್ಲಿ ಒಣಗಿದ್ದನ್ನು ತೆಂಗಿನ ಕಡ್ಡಿಯಿಂದ ಕೆರೆದು ತೆಗೆದಳು. ಈಗ ಮಗಳು ರಾತ್ರಿ ಮಗ್ಗುಲು ಬದಲಿಸಿ ನರಳಿದರೆ ಅಂಜಲೈಯ ಮೂಗಿಗೆ ಫಿನಾಯಿಲ್ ವಾಸನೆ ಬಡಿಯುತ್ತಿತ್ತು.

ಆಸ್ಪತ್ರೆಯವರು ಹೇಳಿದ್ದು ಇಷ್ಟು: ರಕ್ತ ಕಮ್ಮಿ, ಗರ್ಭದ ಕಸ ಮಗುವಿನ ದಾರಿಗೆ ಅಡ್ಡ ಕೆಳಗೆ ಕೂತಿದೆ, ಮೆಟ್ಟಿಲು ಹತ್ತಿಳಿಯಬೇಡ, ಒಂದು ಹನಿ ರಕ್ತ ಕಂಡರೂ ಓಡಿ ಬಾ. ಈಗಲೇ ಸೇರಿಸಿಕೊಳ್ಳಿ ಅಂದರೆ, "ಮಂಚ ಖಾಲಿ ಇಲ್ಲಮ್ಮಾ, ನೋವು ಬಂದಾಗ ಬಾ" ಅಂದರು. ಮೆಟ್ಟಿಲು ಇಳಿಯಬೇಡ, ಓಡಿ ಬಾ. ಏಳನೇ ಮಹಡಿಯಿಂದ ಹಾರಿಕೊಂಡು ಬರಬೇಕಾಗಿತ್ತೋ ಏನೋ.

ಅಂಜಲೈ ಲಿಫ್ಟು ನಡೆಸುವ ದುರೈಕಣ್ಣುವಿನ ಹತ್ತಿರ ಹೋದಳು. ಅವನೂ ಇದೇ ಬ್ಲಾಕಿನವನೇ, ಎರಡನೇ ಮಹಡಿ. ಒಂದು ಕಾಲು ಎಳೆದು ನಡೆಯುವ ಸಾಧು ಮನುಷ್ಯ. ಲಿಫ್ಟಿನ ಕೀಲಿ ಅವನ ಸೊಂಟದ ದಾರದಲ್ಲಿ ನೇತಾಡುತ್ತಿತ್ತು.

"ಅಣ್ಣಾ, ನಮ್ಮ ಹುಡುಗೀಗೆ ನೋವು ಬಂದ್ರೆ ತೆಗೀತೀಯಲ್ಲ?"

ದುರೈಕಣ್ಣು ಸುತ್ತ ನೋಡಿದ. "ನನ್ನ ಕೇಳ್ಬೇಡ ಅಕ್ಕಾ. ನೋಡಲ್ಲಿ." ಲಿಫ್ಟಿನ ಪಕ್ಕದ ಗೋಡೆಗೆ ಹೊಸ ಮೀಟರು ಕೂತಿತ್ತು. "ಒಂದು ಸಲ ಮೇಲೆ ಹೋಗಿ ಬಂದ್ರೂ ಅದ್ರಲ್ಲಿ ತೋರಿಸುತ್ತೆ. ತಿಂಗಳ ಕೊನೇಲಿ ಎಲ್ಲಕ್ಕಿಂತ ಕಮ್ಮಿ ಕರೆಂಟು ಸುಟ್ಟ ಬ್ಲಾಕಿಗೆ ಬಹುಮಾನ. ಆ ಬಹುಮಾನ ಬಂದ್ರೆ ಕಂಪನೀಗೆ ಮತ್ತೆ ಗುತ್ತಿಗೆ. ಹೊತ್ತಲ್ಲದ ಹೊತ್ತಲ್ಲಿ ಓಡಿಸಿದ್ರೆ ನನ್ನ ಕೆಲ್ಸ ಹೋಯ್ತು. ಈ ಕಾಲು ಇಟ್ಕೊಂಡು ನಾನೆಲ್ಲಿ ಹೋಗ್ಲಿ?"

ಅಲ್ಲಿಂದ ಸುಗಂಧಿ ಮೇಡಂ ಹತ್ತಿರ ಹೋಗಿ ಕೇಳಿಕೊಂಡಳು. ಮೇಡಂ ನಗುತ್ತಲೇ ಮಾತಾಡಿದರು. ಅವರು ಬೈದದ್ದನ್ನು ಯಾರೂ ಕೇಳಿದವರಿಲ್ಲ.

"ಅಂಜಲೈ, ನೀನೇ ಹೀಗಂದ್ರೆ ಹೇಗೆ? ನೀನೇ ಅಲ್ವಾ ಎಲ್ಲರ ಒಪ್ಪಿಗೆ ತಂದು ಕೊಟ್ಟವಳು? ಒಪ್ಪಿ ಒತ್ತಿದ ಮೇಲೆ ಮುರಿದ್ರೆ ಅದು ಅಪರಾಧ. ಮನೆ ಮಂಜೂರಾತಿ ಕಾಗದ ಇದ್ಯಲ್ಲ, ಅದರ ಮೇಲೂ ಇದೇ ಹೆಬ್ಬೆಟ್ಟಲ್ವಾ? ಗೊತ್ತಿರಲಿ ಅಂತ ಹೇಳ್ದೆ ಅಷ್ಟೆ."

ಅಷ್ಟೆ. ಅಂಜಲೈ ಎಡಗೈ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಮೂವತ್ತೊಂದಕ್ಕೆ ಬಹುಮಾನಕ್ಕೆ ಮೀಟರು ನೋಡೋಕೆ ನಗರದಿಂದ ದೊಡ್ಡ ಸಾಹೇಬ್ರು ಬರ್ತಾರೆ," ಅಂದರು ಮೇಡಂ. "ನೀನು ಮೈಕಲ್ಲಿ ಒಂದೇ ಮಾತು ಹೇಳು. ‘ನಾವೆಲ್ಲ ಖುಷಿಯಿಂದ ಒಪ್ಪಿದ್ದೇವೆ.’ ಎಲ್ಲಿ, ಹೇಳು ನೋಡೋಣ?"

"ನಾವೆಲ್ಲ ಖುಷಿಯಿಂದ ಒಪ್ಪಿದ್ದೇವೆ," ಅಂದಳು ಅಂಜಲೈ.

"ಇನ್ನೂ ಸ್ವಲ್ಪ ಜೋರಾಗಿ."

ಇನ್ನೂ ಸ್ವಲ್ಪ ಜೋರಾಗಿ ಅಂದಳು.

ಇಲ್ಲಿ ಒಂದು ಕುರ್ಚಿಯ ವಿಷಯ ಹೇಳಬೇಕು. ಬ್ಲಾಕಿನ ಲಿಫ್ಟಿನೊಳಗೆ ಹೆಣ ಮಲಗಿಸುವಷ್ಟು ಜಾಗ ಇಲ್ಲ. ಮೆಟ್ಟಿಲ ತಿರುವಿನಲ್ಲಿ ಚಟ್ಟ ತಿರುಗುವುದಿಲ್ಲ. ಮನೆ ಕಟ್ಟಿದವರು ಇಲ್ಲಿ ಯಾರೂ ಸಾಯುವುದಿಲ್ಲ ಅಂದುಕೊಂಡಿದ್ದರೇನೋ. ಹಾಗಾಗಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ಎರಡೂ ಪಕ್ಕಕ್ಕೆ ಬಿದಿರು ಕಟ್ಟಿ, ಸತ್ತವರನ್ನು ಅದರಲ್ಲಿ ಕೂರಿಸಿ, ಎದೆಗೆ, ಹಣೆಗೆ ಸೀರೆ ಬಿಗಿದು, ನಾಲ್ಕು ಜನ ಹೊತ್ತು ಇಳಿಸುತ್ತಿದ್ದರು. ಕುರ್ಚಿ ಇಳಿಯುವಾಗ ಪ್ರತಿ ಮಹಡಿಯಲ್ಲೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಮ್ಮೆ ಒಂದು ಕೈ ಮುರಿದಾಗ ದುರೈಕಣ್ಣು ತಂತಿ ಸುತ್ತಿ ಸರಿಮಾಡಿದ್ದ. ಮಿಕ್ಕ ದಿನ ಅದು ಕೆಳಗೆ ಮೆಟ್ಟಿಲ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ಇರುತ್ತಿತ್ತು. ಕಾಲು ನೋವೆಂದು ಅದರ ಮೇಲೆ ಕೂತವರಿಲ್ಲ.

ಮೂವತ್ತೊಂದನೇ ತಾರೀಖು. ಕೆಳಗೆ ಕಂಬಗಳ ನಡುವೆ ಶಾಮಿಯಾನ. ಮೀಟರಿಗೆ ಚೆಂಡುಹೂವಿನ ಹಾರ. ಲಿಫ್ಟಿನ ಬಾಗಿಲಿಗೆ ತೋರಣ ಕಟ್ಟಿ ಒಂಬತ್ತಕ್ಕೆ ಸರಿಯಾಗಿ ಬೀಗ. ಹನ್ನೊಂದಕ್ಕೆ ಸಾಹೇಬರ ಮುಂದೆ ಮೀಟರಿನ ಫೋಟೋ ತೆಗೆಯಬೇಕು.

ಹತ್ತೂವರೆಗೆ ಏಳನೇ ಮಹಡಿಯಲ್ಲಿ ಅಂಜಲೈ ಟೋಪಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಬಾಯಲ್ಲಿ ಅದೇ ಮಾತು. ಖುಷಿಯಿಂದ ಒಪ್ಪಿದ್ದೇವೆ, ಖುಷಿಯಿಂದ ಒಪ್ಪಿದ್ದೇವೆ.

"ಅಮ್ಮಾ," ಅಂದಳು ವೆಣ್ಣಿಲಾ.

ಅಂಜಲೈ ತಿರುಗಿ ನೋಡಿದಳು. ಮಗಳು ಗೋಡೆ ಹಿಡಿದು ನಿಂತಿದ್ದಳು. ಕಾಲ ಬಳಿ ನೆಲದ ಮೇಲೆ ರಕ್ತ. ಹನಿಯಲ್ಲ. ಹರಿಯುತ್ತಿತ್ತು.

ಅಂಜಲೈ ಬಾಗಿಲಿಗೆ ಬಂದು ಕೂಗಿದಳು. ಪಟ್ಟಮ್ಮಾಳ್ ಎರಡು ಮಹಡಿ ಹತ್ತಿ ಬಂದಳು. ನೋಡಿದಳು. ಹುಡುಗಿಯನ್ನು ಮಲಗಿಸಿ, ಕಾಲ ಕೆಳಗೆ ದಿಂಬು ತುರುಕಿದಳು.

"ನಡೆಸ್ಬೇಡ ಇವಳನ್ನ. ಒಂದು ಮೆಟ್ಟಿಲೂ ಬೇಡ. ಆಟೋದವನಿಗೆ ನಾನು ಫೋನ್ ಮಾಡ್ತೀನಿ. ನೀನು ಹೋಗು, ಲಿಫ್ಟು ತೆಗೆಸು. ಓಡೇ!"

ವೆಣ್ಣಿಲಾ ತಾಯಿಯ ಸೆರಗು ಹಿಡಿದುಕೊಂಡಳು. ತುಟಿ ಬಿಳಿಚಿತ್ತು. "ಅಮ್ಮಾ, ಆ ಕುರ್ಚಿ ಮಾತ್ರ ತರಬೇಡ. ಅದ್ರಲ್ಲಿ ನಾನು ಕೂರಲ್ಲ. ಅದ್ರಲ್ಲಿ ಕೂತೋರು ಯಾರೂ ವಾಪಸ್ ಬಂದಿಲ್ಲ."

"ತರಲ್ಲ ಕಂದಾ. ತರಲ್ಲ."

ನೂರಾ ಇಪ್ಪತ್ತಾರು ಮೆಟ್ಟಿಲು ಅಂಜಲೈ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ನಾಲ್ಕನೇ ಮಹಡಿಯಲ್ಲಿ ಕಾಲು ಉಳುಕಿತು. ಮೂರನೇ ಮಹಡಿಯ ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡೇ ಇಳಿದಳು.

ದುರೈಕಣ್ಣು ಹೊಸ ಅಂಗಿ ಹಾಕಿಕೊಂಡು ಲಿಫ್ಟಿನ ಮುಂದೆ ನಿಂತಿದ್ದ.

"ಅಣ್ಣಾ, ತೆಗಿ. ರಕ್ತ ಹೋಗ್ತಿದೆ. ತೆಗಿ ಅಣ್ಣಾ, ಕಾಲಿಗೆ ಬೀಳ್ತೀನಿ."

ಬಿದ್ದೇಬಿಟ್ಟಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಮೇಡಂ ಕಡೆ ನೋಡಿದ.

ಸುಗಂಧಿ ಮೇಡಂ ಓಡಿ ಬಂದು ಅಂಜಲೈಯ ರಟ್ಟೆ ಹಿಡಿದು ಎಬ್ಬಿಸಿದರು. ನಗು ಹಾಗೇ ಇತ್ತು, ಹಲ್ಲು ಮಾತ್ರ ಕಚ್ಚಿತ್ತು. "ಇದೇನಿದು, ಸಾಹೇಬ್ರ ಎದುರಿಗೆ? ಇಪ್ಪತ್ತು ನಿಮಿಷ. ಫೋಟೋ ಆದ ತಕ್ಷಣ ತೆಗೆಸ್ತೀನಿ."

"ಇಪ್ಪತ್ತು ನಿಮಿಷ ತಡೆಯಲ್ಲ ಮೇಡಂ. ಹರೀತಿದೆ."

"ಹಾಗಿದ್ರೆ ಜನಗಳನ್ನ ಹೊತ್ತು ಇಳಿಸೋ ಕುರ್ಚಿ ಒಂದಿದ್ಯಲ್ಲ ನಿಮ್ಮಲ್ಲಿ? ಅದ್ರಲ್ಲಿ ಇಳಿಸಿ. ನಾಲ್ಕು ಗಂಡಸರನ್ನ ಕರಿ."

ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದಲ್ಲಿ ಮೈಯಲ್ಲಿ ಎಷ್ಟು ರಕ್ತ ಉಳಿಯುತ್ತದೆ? ಕೊಟ್ಟ ಮಾತು ಹಾಳಾಗಲಿ, ಹುಡುಗಿ ಬೈದರೆ ಬೈಯಲಿ, ಜೀವ ಉಳಿದರೆ ಸಾಕು ಅಂತ ಮೆಟ್ಟಿಲ ಸಂದಿಗೆ ಓಡಿದಳು. ಬಿದಿರು ಇತ್ತು. ಹಗ್ಗ ಇತ್ತು. ಕುರ್ಚಿ ಇರಲಿಲ್ಲ.

ಹೊರಗೆ ಬಂದು ಹುಚ್ಚಿಯ ಹಾಗೆ ಸುತ್ತ ನೋಡಿದಳು. ಆಗ ಕಂಡಿತು. ವೇದಿಕೆಯ ನಟ್ಟನಡುವೆ ದೊಡ್ಡ ಸಾಹೇಬರು ಕೂತಿದ್ದರು. ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ಲು ಹೊದಿಸಿತ್ತು. ಅವರ ಮೊಣಕೈ ಇದ್ದ ಕಡೆ ಕೆಂಪು ಪ್ಲಾಸ್ಟಿಕ್ಕಿಗೆ ತಂತಿ ಸುತ್ತಿತ್ತು.

ಅವಳು ದುರೈಕಣ್ಣುವನ್ನು ನೋಡಿದಳು. ಅವನು ತಲೆ ತಗ್ಗಿಸಿದ. "ಬಾಡಿಗೆ ಕುರ್ಚಿ ಸಾಲಲಿಲ್ಲ ಅಕ್ಕಾ," ಅಂದ ಸಣ್ಣಗೆ. "ಎಲ್ಲಿಂದಾದ್ರೂ ಒಂದು ತಾ ಅಂದ್ರು. ಯಾರ ಮನೇಲೂ ಕೊಡ್ಲಿಲ್ಲ. ಸೋಪು ಹಾಕಿ ತೊಳೆದೆ."

ಎದುರಿಗೆ ಕೂತಿದ್ದ ಬ್ಲಾಕಿನವರಿಗೆಲ್ಲ ಅದು ಗೊತ್ತಿತ್ತು. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು.

"ಈಗ ನಮ್ಮ ಉಳಿತಾಯದ ಗೆಳತಿ ಅಂಜಲೈ ಎರಡು ಮಾತಾಡ್ತಾರೆ," ಅಂತ ಮೈಕಿನಲ್ಲಿ ಯಾರೋ ಕೂಗಿದರು. ಮೇಡಂ ಅವಳ ಬೆನ್ನಿಗೆ ಕೈ ಕೊಟ್ಟು ತಳ್ಳಿದರು. "ಒಂದೇ ಮಾತು. ಹೇಳಿಬಿಡು. ಆಮೇಲೆ ಮೊದಲು ನಿನ್ನ ಕೆಲಸವೇ."

ಮೈಕು ಬಾಯಿಯ ಹತ್ತಿರ ಬಂತು. ಅಂಜಲೈಗೆ ಅಲ್ಲೇ ಉಚ್ಚೆ ಹೋಗಿಬಿಡುತ್ತೇನೇನೋ ಅನ್ನಿಸಿತು. ಮನೆ ಕಣ್ಣ ಮುಂದೆ ಬಂತು, ಪ್ಲಾಸ್ಟಿಕ್ ಹೊದ್ದು ಮಲಗಿದ ಕುಪ್ಪು ಬಂದಳು. ನಾವೆಲ್ಲ, ಅಂದಳು. ಮುಂದಿನ ಮಾತು ಬಾಯಿಗೆ ಬರಲಿಲ್ಲ. ಮೂಗಿಗೆ ಫಿನಾಯಿಲ್ ಬಡಿಯಿತು.

"ಸಾರ್," ಅಂದಳು. ದನಿ ನಡುಗುತ್ತಿತ್ತು, ಮೈಕು ಆ ನಡುಕವನ್ನು ಎಂಟು ಮಹಡಿಗೂ ಕೇಳಿಸಿತು. "ಎದ್ದೇಳಿ ಸಾರ್. ಆ ಕುರ್ಚಿ ಬೇಕು."

ಸಾಹೇಬರು ನಕ್ಕರು. "ಏನಮ್ಮಾ, ನನ್ನ ಕುರ್ಚಿಗೇ ಕಣ್ಣು ಹಾಕಿದ್ಯಾ?"

"ಅದು ನಿಮ್ಮದಲ್ಲ ಸಾರ್. ಅದು ನಮ್ಮ ಹೆಣ ಇಳಿಸೋ ಕುರ್ಚಿ. ಹೋದ ತಿಂಗಳು ಎಂಟನೇ ಮಹಡಿ ಮಾಣಿಕ್ಕಂನ ಅದ್ರಲ್ಲೇ ಕಟ್ಟಿ ಇಳಿಸಿದ್ವಿ. ನಿಮ್ಮ ಕೈ ಇರೋ ಕಡೆ ಅವನ ಕೈ ಕಟ್ಟಿದ್ವಿ."

ಸಾಹೇಬರು ಕೆಂಡ ತುಳಿದವರ ಹಾಗೆ ನೆಗೆದರು. ಕುರ್ಚಿ ಹಿಂದಕ್ಕೆ ಉರುಳಿತು. ಅವರು ಪ್ಯಾಂಟಿನ ಹಿಂಭಾಗ ಒರೆಸಿಕೊಂಡರು, ಅಂಗೈ ನೋಡಿಕೊಂಡರು, ಮತ್ತೆ ಒರೆಸಿಕೊಂಡರು. ಅಂಜಲೈ ಅವರ ಮುಖವನ್ನೇ ನೋಡುತ್ತಿದ್ದಳು. ಅದು ಅವಳಿಗೆ ಚೆನ್ನಾಗಿ ಪರಿಚಯವಿದ್ದ ಮುಖ. ಹೆದರಿದವರ ಮುಖ. ದೊಡ್ಡವರಿಗೂ ಅದು ಬರುತ್ತದೆ ಅಂತ ನಲವತ್ತೊಂಬತ್ತು ವರ್ಷದಲ್ಲಿ ಅವಳಿಗೆ ಗೊತ್ತೇ ಇರಲಿಲ್ಲ.

"ಮೇಲೆ ನನ್ನ ಮಗಳು ರಕ್ತ ಸುರಿಸ್ತಾ ಮಲಗಿದಾಳೆ. ಇಪ್ಪತ್ತು ನಿಮಿಷ ತಡ್ಕೋ ಅಂತಾರೆ. ಮೀಟರು ಫೋಟೋ ತೆಗೀಬೇಕಂತೆ. ಇಲ್ದಿದ್ರೆ ಈ ಕುರ್ಚೀಲಿ ಇಳಿಸು ಅಂತಾರೆ. ನೀವು ಕೂರಲ್ಲ ಅಲ್ವಾ ಸಾರ್, ಇದ್ರಲ್ಲಿ? ನನ್ನ ಮಗಳೂ ಕೂರಲ್ಲ. ಅವಳು ಇನ್ನೂ ಸತ್ತಿಲ್ಲ."

"ಮೈಕ್ ಆಫ್ ಮಾಡ್ರೀ!" ಸುಗಂಧಿ ಮೇಡಂ ಕಿರುಚಿದರು. ನಗು ಈಗ ಇರಲಿಲ್ಲ. "ನಿನ್ನ ಮನೆ ರದ್ದಾಗುತ್ತೆ ನೋಡು. ನಾಳೆಯೇ ಬೀದೀಲಿರ್ತೀಯ."

ಅಂಜಲೈಗೆ ಧೈರ್ಯ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಹೆದರಿಕೆ ಹಾಗೇ ಇತ್ತು, ಇನ್ನೂ ಹೆಚ್ಚೇ ಆಗಿತ್ತು. ಆದರೆ ಮಗಳ ಹೆದರಿಕೆ ಮನೆಯ ಹೆದರಿಕೆಗಿಂತ ದೊಡ್ಡದಾಗಿತ್ತು. ಟೋಪಿ ಕಿತ್ತು ನೆಲಕ್ಕೆ ಎಸೆದಳು. ನೇರ ಲಿಫ್ಟಿನ ಹತ್ತಿರ ಹೋದಳು.

"ತೆಗಿ ಅಣ್ಣಾ."

ದುರೈಕಣ್ಣು ಸೊಂಟದಿಂದ ಕೀಲಿ ಬಿಚ್ಚಿದ. ತೂತಿಗೆ ಹಾಕಲು ಹೋದರೆ ಕೈ ನಡುಗಿ ಕೀಲಿ ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಅಂಜಲೈ ಅವನ ಮಣಿಕಟ್ಟು ಹಿಡಿದಳು. ಅವಳ ಕೈಯೂ ನಡುಗುತ್ತಿತ್ತು. ಎರಡು ನಡುಗುವ ಕೈ ಸೇರಿ ಕೀಲಿ ತಿರುಗಿಸಿದವು. ತೋರಣ ಹರಿಯಿತು. ಹೂವಿನ ಹಾರದೊಳಗೆ ಮೀಟರಿನ ಅಂಕಿ ಓಡತೊಡಗಿತು.

ಅವಳು ಲಿಫ್ಟಿನಲ್ಲಿ ಹೋಗಿ, ಪಟ್ಟಮ್ಮಾಳ್ ಜೊತೆ ಸೇರಿ ಮಗಳನ್ನು ಬೆಡ್‌ಶೀಟಿನಲ್ಲಿ ಎತ್ತಿ ತಂದಳು. ಲಿಫ್ಟಿನ ನೆಲದ ಮೇಲೆ ಕಾಲು ಮಡಿಸಿ ಒರಗಿಸಿದರು. ಇಳಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಒಂದು ನಿಮಿಷ. ಅದಕ್ಕೆ ಇಷ್ಟು ದಿನದ ಗೋಳು.

ಕೆಳಗೆ ಆಟೋ ಕಾದಿತ್ತು. ಸಾಹೇಬರ ಕಾರು ಹೊರಟುಹೋಗಿತ್ತು. ಬ್ಲಾಕಿನವರು ಎದ್ದು ನಿಂತು ದಾರಿ ಬಿಟ್ಟರು. ಆಟೋ ಹೊರಡುವಾಗ ಅಂಜಲೈ ಹಿಂತಿರುಗಿ ನೋಡಿದಳು. ಸುಗಂಧಿ ಮೇಡಂ ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತು ಏನೋ ಹೇಳುತ್ತಿದ್ದರು. ಆರನೇ ಮಹಡಿಯ ಹೆಂಗಸು ಎರಡು ತುಂಬಿದ ಕೊಡ ಹಿಡಿದು ಅವರನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು.

ಆಮೇಲಿನ ಸಂಗತಿ ಪಟ್ಟಮ್ಮಾಳ್ ಆಸ್ಪತ್ರೆಗೆ ಬಂದು ಹೇಳಿದಳು. "ನಾನು ಹೊರಡೋ ತನಕ ಲಿಫ್ಟು ನಿಂತಿಲ್ಲ ಕಣೇ. ಕೆಲ್ಸ ಇರೋರೂ ಹೋದ್ರು, ಇಲ್ದೋರೂ ಹೋದ್ರು. ಪೊನ್ನಮ್ಮಾ ಪಾಟೀನ ಕೆಳಗೆ ಕರ್ಕೊಂಡು ಬಂದ್ವಿ. ಒಂದು ತಿಂಗಳಾಗಿತ್ತು ಮುದುಕಿ ನೆಲ ಮುಟ್ಟಿ. ಚಪ್ಪಲಿ ಬಿಚ್ಚಿ ಮಣ್ಣಲ್ಲಿ ನಿಂತ್ಕೊಂಡ್ಳು, ಒಳಗೆ ಬಾ ಅಂದ್ರೆ ಬರಲಿಲ್ಲ. ಮೇಡಂ ಪೊಲೀಸ್ರಿಗೆ ಫೋನ್ ಮಾಡ್ತೀನಿ ಅಂತಿದ್ರು. ಮಾಡ್ಲಿ."

"ಮನೆ ರದ್ದು ಮಾಡ್ತಾರಂತಾ ಅಕ್ಕಾ?"

"ಗೊತ್ತಿಲ್ಲ." ಪಟ್ಟಮ್ಮಾಳ್ ಸುಳ್ಳು ಹೇಳುವವಳಲ್ಲ. "ದುರೈಕಣ್ಣು ಕೀಲಿ ವಾಪಸ್ ಕೊಡ್ಲಿಲ್ಲ. ಬಾಯೊಳಗೆ ಹಾಕ್ಕೊಂಡು ಕೂತ್ಬಿಟ್ಟಿದಾನೆ. ನೋಡೋಣ."

ವೆಣ್ಣಿಲಾ ಒಳಗಿದ್ದಳು. ಬಾಗಿಲು ಹಾಕಿತ್ತು. ಅಂಜಲೈ ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ಉಳುಕಿದ ಕಾಲು ಊದಿತ್ತು. ಸೀರೆಯ ಮೇಲಿನ ಮಗಳ ರಕ್ತ ಒಣಗಿ ಗಟ್ಟಿಯಾಗಿತ್ತು. ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ಒಳಗೆ ಏನಾಗುತ್ತಿದೆ ಅಂತ ಯಾರನ್ನು ಕೇಳಿದರೂ ಕೂತ್ಕೋ ಅಂದರು.

ಬಾಗಿಲು ತೆರೆಯಿತು. ಒಬ್ಬ ನರ್ಸು ಅವಸರದಲ್ಲಿ ಬಂದಳು. ಕೈಯಲ್ಲಿ ಒಂದು ಕಾಗದ, ಒಂದು ಶಾಯಿ ಡಬ್ಬಿ.

"ವೆಣ್ಣಿಲಾ ತಾಯಿ ಯಾರು? ಬೇಗ ಇಲ್ಲೊಂದು ಹೆಬ್ಬೆಟ್ಟು ಒತ್ತಿ."

ಅಂಜಲೈ ಎದ್ದಳು. ಎಡಗೈ ತಾನಾಗೇ ಸೀರೆಗೆ ಒರೆಸಿಕೊಂಡಿತು. ಹೆಬ್ಬೆರಳು ತಾನಾಗೇ ಮುಂದೆ ಚಾಚಿತು. ಶಾಯಿಯ ಮೇಲೆ ಇನ್ನೇನು ಇಡಬೇಕು, ಅಷ್ಟರಲ್ಲಿ ನಿಂತಿತು.

ಅವಳು ಹೆಬ್ಬೆರಳನ್ನು ಮಡಿಸಿ ಮುಷ್ಟಿಯೊಳಗೆ ಮುಚ್ಚಿದಳು.

"ಏನಮ್ಮಾ, ಹೊತ್ತಾಗುತ್ತೆ."

"ಒತ್ತುತೀನಿ ತಾಯಿ," ಅಂದಳು ಅಂಜಲೈ. "ಏನು ಬರ್ದಿದೆ, ಮೊದಲು ಓದಿ ಹೇಳು."